ಒಂಟೆಕೊರಳಿನ ಆಚೆಯ ಗೋರಿ

ಯಾರ್ಬಾ ತನ್ನ ಕೈಯಾರೆ ಮಣ್ಣು ಮಾಡಿದ ಮೊದಲ ಜೀವ ಅವನ ಹೆಂಡತಿಯದು. ಮದುವೆಯಾದ ಎರಡನೇ ವರ್ಷ ಹೆರಿಗೆಯಲ್ಲಿ ಹೋದಳು. ಕೂಸೂ ಅವಳ ಹಿಂದೆಯೇ ಹೋಯಿತು. ಅಪ್ಪನಿಗೆ ಮಣ್ಣು ಹಾಕುವ ಪುಣ್ಯ ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಮಾಲ ಮೀನಿನ ಹಂಗಾಮಿನಲ್ಲಿ ಹಾಯಿದೋಣಿ ಮಗುಚಿ ಸಮುದ್ರದ ಪಾಲಾದ ಅಪ್ಪ ಯಾವ ದಡಕ್ಕೂ ಬರಲಿಲ್ಲ. ಆಗ ಯಾರ್ಬಾನಿಗೆ ಹತ್ತೊಂಬತ್ತು. ತಮ್ಮ ಸಾಲೆಕ್ ಇನ್ನೂ ತಾಯಿಯ ಎದೆಹಾಲು ಬಿಟ್ಟಿರಲಿಲ್ಲ.

"ಇನ್ನೊಂದು ಮದ್ವೆ ಮಾಡ್ಕೊಳೋ," ಎಂದು ತಾಯಿ ಮಬ್ರೂಕ ಆಗಾಗ ಹೇಳುತ್ತಿದ್ದಳು.

"ಮೊದ್ಲು ಇವ್ನು ದೊಡ್ಡೋನಾಗ್ಲಿ ಬಿಡವ್ವ," ಎಂದು ಯಾರ್ಬಾ ತಮ್ಮನನ್ನು ತೋರಿಸುತ್ತಿದ್ದ.

ಸಾಲೆಕ್ ದೊಡ್ಡವನಾದ. ಯಾರ್ಬಾ ಮದುವೆಯಾಗಲಿಲ್ಲ.

ಅಗ್ರೀಬ ಎಂಬ ಅವರ ಹಳ್ಳಿಯಲ್ಲಿ ಹಲಗೆಯ ಮನೆಗಳು ನಲವತ್ತೂ ಇರಲಿಲ್ಲ. ಬೆನ್ನಿಗೆ ಸಹಾರಾದ ಮರಳು, ಎದುರಿಗೆ ಮೊಣಕಾಲುದ್ದದ ಸಮುದ್ರ. ಆ ಕೊಲ್ಲಿಯಲ್ಲಿ ಎಂಜಿನ್ ದೋಣಿ ಬಿಡುವ ಹಾಗಿರಲಿಲ್ಲ. ಮೀನಿಗೂ ಹಕ್ಕಿಗೂ ತೊಂದರೆಯಾಗುತ್ತದೆಂದು ಸರ್ಕಾರ ಕಟ್ಟು ಮಾಡಿತ್ತು. ಹಾಯಿಯೇ ಗತಿ, ಗಾಳಿ ಬಿದ್ದರೆ ಕಾಲೇ ಗತಿ. ಯಾರ್ಬಾನಿಗೆ ಅದು ಗತಿ ಎಂದು ಎಂದೂ ಅನ್ನಿಸಿರಲಿಲ್ಲ. ಉತ್ತರಕ್ಕೆ ಐದು ದಿನದ ದಾರಿ, ದಕ್ಷಿಣಕ್ಕೆ ಮೂರು ದಿನದ ದಾರಿ, ಅಷ್ಟು ದೂರದ ದಡದಲ್ಲಿ ನೀರಿಗೆ ಚಾಚಿದ ನೆಲದ ಪ್ರತಿಯೊಂದು ಮೂತಿಯನ್ನೂ, ದೋಣಿ ಸಿಕ್ಕಿಬೀಳುವ ಪ್ರತಿಯೊಂದು ಕೆಸರುಬಯಲನ್ನೂ, ಮೂರು ಗುಟುಕು ಸಿಹಿನೀರು ಸಿಗುವ ಪ್ರತಿಯೊಂದು ಗುಂಡಿಯನ್ನೂ ಅವನು ಬಲ್ಲ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದುದ್ದ ನೀರಿನಲ್ಲಿ ನಿಂತು, ಕೋಲಿನಿಂದ ನೀರು ಬಡಿದು ಡಾಲ್ಫಿನ್‌ಗಳನ್ನು ಕರೆಯುವುದನ್ನು ಕಲಿಸಿದ. ಅವು ಮೀನಿನ ಹಿಂಡನ್ನು ದಡದತ್ತ ಅಟ್ಟಿಕೊಂಡು ಬರುವಾಗ ಸಾಲೆಕ್ ಅಣ್ಣನ ಕೂದಲು ಹಿಡಿದು ಕಿರುಚಾಡುತ್ತಿದ್ದ.

ಅದೇ ಸಾಲೆಕ್‌ಗೆ ಇಪ್ಪತ್ತೆರಡು ತುಂಬುವ ಹೊತ್ತಿಗೆ ಊರು ಸಾಕಾಗಿತ್ತು.

"ಗಾಳಿ ಯಾವಾಗ ಬೀಸತ್ತೆ ಅಂತ ಬಾಯಿ ಬಿಟ್ಕೊಂಡು ಕೂತಿರೋ ಜನ ನೀವು," ಎಂದ. "ನಾನು ನುವಾಧಿಬು ಬಂದರಿಗೆ ಹೋಗ್ತೀನಿ. ಅಲ್ಲಿ ಎಂಜಿನ್ ಇದೆ. ಹಗ್ಗ ಎಳೆದ್ರೆ ಹೊರಟೇಬಿಡತ್ತೆ."

ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ. ಅವ್ವನಿಗೆ ಬಟ್ಟೆ, ಮನೆಗೆ ಸಕ್ಕರೆ, ಚಹಾ ತರುತ್ತಿದ್ದ. ಮೊದಲು ಮೀನು ಹಿಡಿಯುತ್ತಿದ್ದವನು ಆಮೇಲೆ ಬೇರೆ ಕಸುಬು ಹಿಡಿದ. ದಕ್ಷಿಣದ ದೇಶಗಳಿಂದ ಬಂದ ಜನರನ್ನು ಉದ್ದನೆಯ ಮರದ ದೋಣಿಯಲ್ಲಿ ತುಂಬಿ, ಸ್ಪೇನಿನವರ ಕ್ಯಾನರಿ ದ್ವೀಪಗಳಿಗೆ ಕಳಿಸುವವರ ಜೊತೆ ಸೇರಿದ. ಅವನೇ ಬಾಯಿಬಿಟ್ಟು ಹೇಳಿದ್ದಲ್ಲ. ಊರಿಗೆ ಮೀನು ಒಯ್ಯಲು ಬರುತ್ತಿದ್ದ ಲಾರಿಯವನು ಹೇಳಿದ. ಮುಂದಿನ ಸಲ ತಮ್ಮ ಬಂದಾಗ, ಮೂರನೇ ಲೋಟ ಚಹಾ ಆದ ಮೇಲೆ ಯಾರ್ಬಾ ಕೇಳಿದ:

"ಒಂದು ದೋಣಿಗೆ ಎಷ್ಟು ಜನ ಹತ್ತಿಸ್ತೀರಿ?"

"ಎಪ್ಪತ್ತು. ಒಂದೊಂದ್ಸಲ ಎಂಬತ್ತು."

"ನೀರು ಎಷ್ಟು ದಿನಕ್ಕೆ?"

"ಆರು ದಿನಕ್ಕೆ. ಆರು ದಿನ ಧಾರಾಳ ಆಯ್ತಣ್ಣ."

"ಏಳನೇ ದಿನ?"

ಸಾಲೆಕ್ ನಕ್ಕ. "ನೀನು ಹುಟ್ಟಿದಾಗ್ಲಿಂದ್ಲೂ ಮುದುಕನೇ ಕಣೋ," ಎಂದು ಲೋಟ ಕೆಳಗಿಟ್ಟು ಎದ್ದು ಹೋದ.

ಆ ವರ್ಷ ಸೆಪ್ಟೆಂಬರಿನಲ್ಲಿ ಒಂದು ಬುಧವಾರ ಸಾಲೆಕ್ ಫೋನು ಮಾಡಿದ. ಅಗ್ರೀಬದಲ್ಲಿ ಫೋನಿನ ಮಾತು ಕೇಳಬೇಕಾದರೆ ಊರ ಹಿಂದಿನ ದಿಬ್ಬ ಹತ್ತಬೇಕು. ಯಾರ್ಬಾ ಏದುಸಿರು ಬಿಡುತ್ತಾ ಕಿವಿಗಿಟ್ಟುಕೊಂಡ.

"ನಾಳೆ ಹೊರಡ್ತೀವಿ. ಈ ಸಲ ಚುಕ್ಕಾಣಿ ನಂದೇ. ಆ ಕಡೆ ಸೇರಿದ್ರೆ ವಾಪಸ್ ಬರಲ್ಲಣ್ಣ. ಅವ್ವಂಗೆ ನಾನೇ ಹೇಳ್ತೀನಿ, ನೀನೇನೂ ಹೇಳ್ಬೇಡ."

ಅವ್ವನಿಗೆ ಅವನು ಹೇಳಲಿಲ್ಲ. ಒಂದು ವಾರ ಕಳೆಯಿತು, ಎರಡಾಯಿತು. ಮೂರನೇ ವಾರ ಅಲೆಗಳು ಒಂದು ಹಲಗೆಯನ್ನು ತಂದು ಊರ ಮುಂದಿನ ಮರಳಿಗೆ ಹಾಕಿದವು. ಹಳದಿ ಬಣ್ಣ, ಮೇಲೆ ಹಸಿರು ನಕ್ಷತ್ರ. ಆ ನಕ್ಷತ್ರವನ್ನು ಸಾಲೆಕ್ ತಾನೇ ಬರೆದಿದ್ದ. ಐದು ಮೂಲೆಯಲ್ಲಿ ಒಂದು ಗಿಡ್ಡವಾಗಿ ಉಳಿದಿದ್ದಕ್ಕೆ ಹೋದ ವರ್ಷವಷ್ಟೇ ಅವನ ದೋಣಿಯ ಫೋಟೋ ನೋಡಿ ಅಣ್ಣ ತಮ್ಮ ಇಬ್ಬರೂ ನಕ್ಕಿದ್ದರು.

ಯಾರ್ಬಾ ಹಲಗೆಯನ್ನು ಹೊತ್ತುಕೊಂಡು ಹೋಗಿ ಮನೆಯ ಹಿಂದೆ ಬಣ್ಣದ ಕಡೆ ಕೆಳಗೆ ಮಾಡಿ ಹಾಕಿದ. ಮಾರನೆಯ ಬೆಳಿಗ್ಗೆ ನೀರಿನ ಕ್ಯಾನು, ಒಣ ಮೀನು, ಹಳೆಯ ಹಾಯಿಬಟ್ಟೆ ತುಂಬಿಕೊಂಡು ದೋಣಿ ಬಿಟ್ಟ. ಜೊತೆಗೆ ಅವನ ದೋಣಿಯ ಹಳೆಯ ಆಳು ಬಿಲಾಲ್. ಅರವತ್ತೈದರ ಅವನಿಗೆ ಕಿವಿ ಅರ್ಧ ಮಂದ, ಬಾಯಿ ಮಾತ್ರ ಎರಡರಷ್ಟು ಚುರುಕು.

"ಎಲ್ಲಿಗೆ?" ಎಂದ ಬಿಲಾಲ್.

"ಉತ್ತರಕ್ಕೆ."

"ಯಾತಕ್ಕೆ? ಮೀನೆಲ್ಲ ದಕ್ಷಿಣದಲ್ಲಿದೆ."

ಯಾರ್ಬಾ ಹೇಳಿದ. ಬಿಲಾಲ್‌ಗೆ ಕೇಳಿಸಿತೋ, ಮುಖ ನೋಡಿ ತಿಳಿಯಿತೋ, ಹಾಯಿ ಏರಿಸಿದ.

ಮೊದಲನೆಯ ಹೆಣ ಸಿಕ್ಕಿದ್ದು ನೀರು ಇಳಿದಿದ್ದ ಒಂದು ಮರಳುದಿಣ್ಣೆಯ ಮೇಲೆ, ರಾಜಹಂಸಗಳ ಹಿಂಡಿನ ನಡುವೆ. ಯಾರ್ಬಾ ಓಡಿದ. ಹತ್ತಿರ ಹೋಗಿ ಬೋರಲು ಬಿದ್ದಿದ್ದ ದೇಹವನ್ನು ತಿರುಗಿಸಿದ. ತಮ್ಮನಲ್ಲ. ಅವನ ಮನಸ್ಸಿಗೆ ಮೊದಲು ಬಂದದ್ದು ನೆಮ್ಮದಿ. ಆ ನೆಮ್ಮದಿ ಬಂದದ್ದಕ್ಕೆ ಅವನಿಗೆ ಎಷ್ಟೋ ದಿನ ಊಟ ಸೇರಲಿಲ್ಲ.

ಸಿಹಿನೀರು ಕುಡಿಯಲಿಕ್ಕೇ ಸಾಲದು; ಮರಳಿನಲ್ಲೇ ಮೈ ಶುದ್ಧಿ ಮಾಡಿ, ಹಾಯಿಬಟ್ಟೆಯಲ್ಲಿ ಸುತ್ತಿ, ಅಲೆ ಮುಟ್ಟದ ಎತ್ತರದಲ್ಲಿ ಹೂಳಿದ. ನರಿಗಳು ಕೆದಕದಂತೆ ಕಲ್ಲು ಹೇರಿದ, ತಲೆಯ ಕಡೆ ತಿಮಿಂಗಿಲದ ಒಂದು ಬೆನ್ನುಮೂಳೆ ನೆಟ್ಟ. ಸತ್ತವನು ಯಾವ ದೇವರವನೋ ಗೊತ್ತಿಲ್ಲ. ತನಗೆ ಬರುವ ಪ್ರಾರ್ಥನೆಯನ್ನೇ ಹೇಳಿದ. ಪೊಲೀಸು ಠಾಣೆಗೆ ಸುದ್ದಿ ಕಳಿಸಿದಾಗ ಅವರು ಒಮ್ಮೆ ಬಂದು ನೋಡಿ, "ಇಷ್ಟು ದೂರ ಪ್ರತಿ ಸಲ ಗಾಡಿ ಬರಲ್ಲ. ಸಿಕ್ಕಲ್ಲೇ ಮಣ್ಣು ಮಾಡು, ಮೈಮೇಲಿದ್ದ ಸಾಮಾನು ಜೋಪಾನವಾಗಿಡು, ಯಾರಾದ್ರೂ ಕೇಳ್ಕೊಂಡು ಬಂದಾರು," ಎಂದು ಹೇಳಿ ಹೋದರು.

ಅವನು ಹಾಗೇ ಮಾಡಿದ. ಡಿಸೆಂಬರು ಮುಗಿಯುವ ಹೊತ್ತಿಗೆ ಹನ್ನೊಂದು ಗೋರಿಗಳಾಗಿದ್ದವು. ಓದು ಬರಹ ಬಾರದ ಯಾರ್ಬಾ ಒಬ್ಬೊಬ್ಬರ ಸಾಮಾನನ್ನೂ ಒಂದೊಂದು ಬಟ್ಟೆಯ ತುಂಡಿನಲ್ಲಿ ಕಟ್ಟಿ, ಎಷ್ಟನೆಯ ಗೋರಿಯೋ ಅಷ್ಟು ಗಂಟು ಹಾಕಿ, ಹಾಲಿನ ಪುಡಿಯ ದೊಡ್ಡ ಡಬ್ಬಿಯಲ್ಲಿಟ್ಟ. ಬೀಗದ ಕೈ, ಬೆಲ್ಟಿನ ಕೊಂಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರೂ ಅಕ್ಷರ ಅಳಿಸಿಹೋಗಿದ್ದ ಕಾಗದ, ಒಂದು ಹೆಂಗಸಿನ ಕಿವಿಯೋಲೆ. ಹನ್ನೊಂದರಲ್ಲಿ ಸಾಲೆಕ್ ಇರಲಿಲ್ಲ.

ಮಬ್ರೂಕಳಿಗೆ ವಿಷಯ ತಿಳಿಯದೇ ಇರಲು ಹೇಗೆ ಸಾಧ್ಯ? ಅವಳು ಒಂದು ದಿನ ಮನೆಯ ಹಿಂದೆ ಕೋಲೂರಿಕೊಂಡು ಹೋಗಿ ಆ ಹಲಗೆಯನ್ನು ಮಗುಚಿ, ಪೊರೆ ಬಂದ ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಸವರಿ ನೋಡಿ ಬಂದಳು. ಹೆಂಗಸರು ಅಳಲು ಬಂದರೆ ಅಟ್ಟಿದಳು.

"ಅವರಪ್ಪನ್ನ ಸಮುದ್ರ ನಂಗೆ ತೋರಿಸ್ಲಿಲ್ಲ. ಮಗನ್ನ ತೋರಿಸೋವರ್ಗೂ ನಾನು ಅಳಲ್ಲ," ಎಂದಳು.

ಜನವರಿಯ ಚಳಿಗಾಳಿಯಲ್ಲಿ, ಮೀನಿನ ಲಾರಿಯ ಮುಂದಿನ ಸೀಟಿನಿಂದ ಒಬ್ಬ ಹೆಂಗಸು ಇಳಿದಳು. ಎತ್ತರದ ಆಳು, ಐವತ್ತೈದರ ಆಸುಪಾಸು. ಹೆಸರು ದೆಗೆನ್, ಸೆನೆಗಲ್ ದೇಶದ ಸೇಂಟ್ ಲೂಯಿಯ ಮೀನುಗಾರರ ಕೇರಿಯವಳು. ಈ ದೇಶದ ರಾಜಧಾನಿ ನುವಾಕ್ಷೋತ್‌ನ ಮೀನು ಪೇಟೆಯಲ್ಲಿ ಹತ್ತು ವರ್ಷ ಮೀನು ಒಣಗಿಸಿ ಮಾರಿದ್ದರಿಂದ ಇವರ ಮಾತು ಅವಳಿಗೆ ಬರುತ್ತಿತ್ತು. ಉತ್ತರದಲ್ಲೊಬ್ಬ ಸತ್ತವರ ಸಾಮಾನು ಡಬ್ಬಿಯಲ್ಲಿಟ್ಟುಕೊಂಡಿದ್ದಾನೆ ಎಂಬ ಮಾತು ಲಾರಿಯವರ ಬಾಯಿಂದ ಅವಳ ಕಿವಿಗೆ ಬಿದ್ದಿತ್ತು.

"ಡಬ್ಬಿ ಇಟ್ಕೊಂಡಿರೋನು ನೀನೇನಾ?" ಎಂದು ನಿಂತಲ್ಲಿಂದಲೇ ಕೇಳಿದಳು.

"ನಾನೇ. ಒಳಗೆ ಬಾ, ಚಹಾ ಕುಡಿ ಮೊದ್ಲು."

"ಚಹಾ ಆಮೇಲೆ."

ಚಾಪೆಯ ಮೇಲೆ ಕುಳಿತು ಒಂದೊಂದೇ ಗಂಟು ಬಿಚ್ಚಿದಳು. ಬಿಚ್ಚಿ ನೋಡಿ, ಅಷ್ಟೇ ಗಂಟು ಎಣಿಸಿ ಮತ್ತೆ ಕಟ್ಟುತ್ತಿದ್ದಳು. ಒಂಬತ್ತನೆಯದರಲ್ಲಿ ಚರ್ಮದ ಒಂದು ತಾಯಿತವಿತ್ತು, ಅಂಚಿನಲ್ಲಿ ಮೂರು ಹೊಲಿಗೆ ಕೆಂಪು ದಾರ. ದೆಗೆನ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಈ ದಾರ ನಂದು," ಎಂದಳು. "ಏಳು ವರ್ಷದೋನಿದ್ದಾಗ ಜಗಳ ಆಡಿ ಹರ್ಕೊಂಡು ಬಂದಿದ್ದ. ಮನೇಲಿ ಕರೀ ದಾರ ಇರ್ಲಿಲ್ಲ." ಆಮೇಲೆ, "ಅಸ್ಸಾನ್ ಅಂತ ಅವನ ಹೆಸರು. ಇಪ್ಪತ್ತಾರು ವಯಸ್ಸು. ಸೆಪ್ಟೆಂಬರಲ್ಲಿ, ಒಂದು ಗುರುವಾರ ನುವಾಧಿಬು ಬಿಟ್ಟ ದೋಣಿ. ಹಳದಿ ದೋಣಿ ಅಂತ ಫೋನಲ್ಲಿ ಹೇಳಿದ್ದ. ಇವನ್ನ ಎಲ್ಲಿ ಇಟ್ಟಿದ್ದೀಯ?"

ಗುರುವಾರ, ಹಳದಿ ದೋಣಿ. ಯಾರ್ಬಾ ಡಬ್ಬಿಯ ಮುಚ್ಚಳ ಹಾಕಿದ. ಮನೆಯ ಹಿಂದೆ ಆ ಹಲಗೆ ಈಗಲೂ ಬಿದ್ದಿತ್ತು.

"ಒಂಟೆಕೊರಳು ಅನ್ನೋ ಬಂಡೆ ಆಚೆ," ಎಂದ. "ದೋಣೀಲಿ ಎರಡು ದಿನ, ಅಲ್ಲಿಂದ ನಡ್ಕೊಂಡು ಒಂದು ದಿನ. ಈಗ ಗಾಳಿ ಎದುರಿಗಿದೆ. ಕಷ್ಟ ಆಗತ್ತೆ."

"ನಾನು ಬೆಸ್ತರ ಮಗಳು. ಹೊರಡು."

ಹೊರಟರು. ಉತ್ತರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದೋಣಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಅಡ್ಡಡ್ಡ ಹಾಯುತ್ತಾ ಮೊಳ ಮೊಳ ಮುಂದೆ ಹೋಗಬೇಕು. ದೆಗೆನ್ ಸುಮ್ಮನೆ ಕೂರುವವಳಾಗಿರಲಿಲ್ಲ. ದೋಣಿ ತಿರುಗುವಾಗ ಹಗ್ಗವನ್ನು ತಾನೇ ಕಿತ್ತುಕೊಂಡು ಎಳೆದಳು.

"ಏಯ್, ಅಷ್ಟು ಬಿಗಿ ಎಳೀಬೇಡಮ್ಮ! ನಮ್ಮ ಹಾಯಿಗೆ ನನ್ನಷ್ಟೇ ವಯಸ್ಸು!" ಎಂದು ಬಿಲಾಲ್ ಕೂಗಿದ.

"ಹಾಗಾದ್ರೆ ಅದಕ್ಕೂ ಕಿವಿ ಕೇಳಲ್ಲ ಅನ್ನು," ಎಂದಳು ದೆಗೆನ್.

"ಏನಂದ್ಲು?"

"ನಿನ್ನ ಹೊಗಳಿದ್ಲು," ಎಂದ ಯಾರ್ಬಾ.

ಅವಳು ನಕ್ಕಳು. ಮರುಕ್ಷಣವೇ ಮಗನನ್ನು ನೋಡಲು ಹೋಗುತ್ತಾ ನಕ್ಕೆನಲ್ಲ ಎಂಬಂತೆ ಬಾಯಿಗೆ ಸೆರಗಿನ ತುದಿ ಅದುಮಿಕೊಂಡು ನೀರಿನತ್ತ ತಿರುಗಿದಳು.

ಎರಡನೆಯ ದಿನ ಸಂಜೆಗೆ ಮುಂಚೆ ದೋಣಿ ಕಲ್ಲುಬಂಡೆಗಳ ಸಾಲಿಗೆ ಬಂತು. ಅಲ್ಲಿಂದ ಮುಂದೆ ತೆರೆ ದೊಡ್ಡದು, ಹಾಯಿದೋಣಿ ಒಡೆದುಹೋಗುತ್ತದೆ. ಬೆಳಗಾದ ಮೇಲೆ ಬಿಲಾಲ್‌ನನ್ನು ದೋಣಿಗೆ ಕಾವಲು ಬಿಟ್ಟು, ಯಾರ್ಬಾ ನೀರಿನ ಕ್ಯಾನು ಹೆಗಲಿಗೇರಿಸಿದ. ಇಬ್ಬರೂ ನಡೆದರು. ಎಡಗಡೆ ಸಮುದ್ರ ಬಿಳಿಯಾಗಿ ಒಡೆಯುತ್ತಿತ್ತು, ಬಲಗಡೆ ಉಪ್ಪು ಹೆಪ್ಪುಗಟ್ಟಿದ ಬಯಲು ಕಣ್ಣು ಕುಕ್ಕುತ್ತಿತ್ತು. ನಡುವೆ ನಡೆಯಲು ಸಿಗುವುದು ಒದ್ದೆ ಮರಳಿನ ಒಂದು ಪಟ್ಟಿ ಮಾತ್ರ. ಬಲೆಯ ಚೂರು, ಆಮೆಯ ಚಿಪ್ಪು, ಎಲ್ಲಿಂದಲೋ ಬಂದ ಒಂದು ಕಾಲಿನ ಚಪ್ಪಲಿ. ಚಪ್ಪಲಿ ಕಂಡಲ್ಲೆಲ್ಲ ದೆಗೆನ್ ನಿಂತು ನೋಡುತ್ತಿದ್ದಳು.

ಮಧ್ಯಾಹ್ನ ಒಂದು ಬಂಡೆಯ ನೆರಳಿನಲ್ಲಿ ಕೂತು ಒಣ ಮೀನು, ಖರ್ಜೂರ ತಿಂದರು. ಪ್ರಾರ್ಥನೆ ಮುಗಿಸಿದ ದೆಗೆನ್ ಕೈ ಕೆಳಗಿಳಿಸದೆ, ಅವನಿಗೂ ಅರ್ಥವಾಗಲೆಂದು ಅವನ ಮಾತಿನಲ್ಲೇ ಹೇಳತೊಡಗಿದಳು:

"ದೇವ್ರೇ, ಈ ಯಾರ್ಬಾ ನನ್ನ ಮಗನ್ನ ನಾಯಿ ನರಿ ಬಾಯಿಗೆ ಬಿಡ್ಲಿಲ್ಲ. ಇವನ ಮನೆ ತಣ್ಣಗಿರ್ಲಿ. ಇವನ ತಾಯಿಗೆ ಒಳ್ಳೇದಾಗ್ಲಿ. ಇವನ ಒಡಹುಟ್ಟಿದೋರಿಗೆ, ಅವರ ಮಕ್ಕಳಿಗೆ..."

"ಸಾಕು," ಎಂದ ಯಾರ್ಬಾ.

ಅವಳು ತಿರುಗಿ ನೋಡಿದಳು.

"ಸಾಕಕ್ಕ. ನನ್ನ ಒಡಹುಟ್ಟಿದೋನಿಗೆ ನೀನು ಒಳ್ಳೇದು ಕೇಳ್ಬೇಡ. ಆ ಹಳದಿ ದೋಣಿ ಚುಕ್ಕಾಣಿ ಹಿಡಿದೋನು ನನ್ನ ತಮ್ಮ. ಸಾಲೆಕ್ ಅಂತ. ಈ ಗೋರಿಗಳೆಲ್ಲ ಅವನ್ನ ಹುಡುಕ್ಕೊಂಡು ಹೊರಟಾಗ ಆಗಿದ್ದು. ನಾನು ಪುಣ್ಯಕ್ಕೆ ಹೊರಟೋನಲ್ಲ."

ದೆಗೆನ್ ಎದ್ದಳು. ಸಮುದ್ರಕ್ಕೂ ಅವನಿಗೂ ಬೆನ್ನು ಮಾಡಿ ನೇರವಾಗಿ ಉಪ್ಪಿನ ಬಯಲಿನ ಕಡೆ ನಡೆದಳು.

"ಆ ಕಡೆ ಬೇಡ! ಮೇಲೆ ಗಟ್ಟಿ ಕಾಣತ್ತೆ, ಕೆಳಗೆ ಕೆಸರು!" ಎಂದು ಕೂಗಿದ. ಅವಳು ನಿಲ್ಲಲಿಲ್ಲ. ನೂರು ಹೆಜ್ಜೆ ಹೋಗಿರಬಹುದು, ಉಪ್ಪಿನ ಪದರ ಒಡೆದು ಕಾಲು ಮೊಣಕಾಲವರೆಗೆ ಇಳಿಯಿತು. ಎಳೆದುಕೊಳ್ಳಲು ಹೋಗಿ ಇನ್ನೊಂದೂ ಇಳಿಯಿತು. ಯಾರ್ಬಾ ಗಟ್ಟಿ ನೆಲ ತುಳಿದು ಹುಡುಕುತ್ತಾ ಹತ್ತಿರ ಹೋಗಿ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

ಅವನು ತಲೆಯ ಮುಂಡಾಸು ಬಿಚ್ಚಿ, ಒಂದು ತುದಿ ತನ್ನ ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದನ್ನು ಅವಳತ್ತ ಎಸೆದ. ಸ್ವಲ್ಪ ಹೊತ್ತು ಬಟ್ಟೆ ಅವಳ ಮುಂದೆ ಹಾಗೇ ಬಿದ್ದಿತ್ತು. ಆಮೇಲೆ ಹಿಡಿದಳು. ಎಳೆದು ಹೊರಗೆ ಹಾಕುವಷ್ಟರಲ್ಲಿ ಇಬ್ಬರೂ ಕೆಸರಿನ ಮುದ್ದೆಯಾಗಿದ್ದರು.

"ಯಾವಾಗಿಂದ ಗೊತ್ತು ನಿಂಗೆ?" ಎಂದು ಕೂತಲ್ಲೇ ಕೇಳಿದಳು.

"ನೀನು ಹಳದಿ ದೋಣಿ ಅಂದಾಗ್ಲಿಂದ."

"ಆಗ್ಲೇ ಹೇಳಿದ್ರೆ ನಾನು ನಿನ್ನ ದೋಣಿ ಹತ್ತುತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ."

ಅವಳು ಕಾಲಿನ ಕೆಸರನ್ನು ಚಿಪ್ಪಿನಿಂದ ಕೆರೆದುಕೊಳ್ಳುತ್ತಾ ಕೂತಳು. "ನಡಿ," ಎಂದಳು ಕೊನೆಗೆ. "ನಿನ್ನ ಜೊತೆ ಮಾತಾಡಕ್ಕೆ ಬಂದಿಲ್ಲ ನಾನು."

ಹೊತ್ತು ವಾಲುವಾಗ ಗೋರಿ ತಲುಪಿದರು. ಸಮುದ್ರದ ಕಡೆಗೆ ಒಂಟೆ ಕತ್ತು ಚಾಚಿದ ಹಾಗೆ ಹೊರಟ ಬಂಡೆಯ ಆಚೆ, ಗಾಳಿ ತಾಗದ ಒಂದು ಮಡಿಲು. ಕಲ್ಲಿನ ಗುಡ್ಡೆ, ತಲೆಯ ಕಡೆ ಬೆಳ್ಳಗಿನ ಮೂಳೆ. ಯಾರ್ಬಾ ದೂರದಲ್ಲೇ ನಿಂತ. ದೆಗೆನ್ ಹೋಗಿ ಕೂತು, ಮಲಗಿದ ಮಗುವಿನ ಹೊದಿಕೆ ಸರಿಪಡಿಸುವಂತೆ ಸಣ್ಣ ಕಲ್ಲುಗಳನ್ನು ಒತ್ತಿ ಒತ್ತಿ ಕೂರಿಸಿದಳು. ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು; ಬೈದಳು, ಮತ್ತೆ ಮೆಲ್ಲಗಾದಳು. ಯಾರ್ಬಾನ ಹೆಗಲ ಕ್ಯಾನಿನಿಂದ ಸಿಹಿನೀರು ತರಿಸಿಕೊಂಡು ಗೋರಿಯ ಮೇಲೆ ಸುರಿದಳು. ಹಿಂದಿರುಗಲು ಬೇಕಾದ ನೀರು ಅದು. ಯಾರ್ಬಾ ತಡೆಯಲಿಲ್ಲ.

"ಹೇಗಿದ್ದ?" ಎಂದು ತಿರುಗದೆಯೇ ಕೇಳಿದಳು. "ಸುಳ್ಳು ಹೇಳ್ಬೇಡ."

"ಮುಖ ನೋಡೋ ಹಾಗಿರ್ಲಿಲ್ಲ ಅಕ್ಕ."

"ಕೈ?"

"ಕೈ ಚೆನ್ನಾಗಿತ್ತು. ಬಲಗೈ ಹೆಬ್ಬೆರಳ ಉಗುರು ಎರಡಾಗಿ ಒಡೆದಿತ್ತು. ಹಳೇ ಗಾಯ."

ಆಗ ಅವಳ ಅಳು ಕಟ್ಟೆಯೊಡೆಯಿತು. "ಸುತ್ತಿಗೆ," ಎಂದಳು, ಉಸಿರು ಸಿಕ್ಕಾಗೊಮ್ಮೆ. "ಅವರ ಮಾವನ ದೋಣಿಗೆ ಮೊಳೆ ಹೊಡೀವಾಗ... ಸುತ್ತಿಗೆ ಹಿಡಿಯಕ್ಕೂ ಬರ್ತಿರ್ಲಿಲ್ಲ ನನ್ನ ಮಗಂಗೆ... ಎಡಗೈಯವನು ಅಂತ ಎಲ್ಲ ನಗ್ತಿದ್ರು..."

ತಾಯಿತವನ್ನು ಗೋರಿಯಲ್ಲಿಡುತ್ತಾಳೆಂದು ಯಾರ್ಬಾ ಅಂದುಕೊಂಡಿದ್ದ. ಅವಳು ಅದನ್ನು ತನ್ನ ಕೊರಳಿಗೇ ಕಟ್ಟಿಕೊಂಡಳು.

ಅಂದು ಅಲ್ಲೇ ಬಂಡೆಯ ಮರೆಯಲ್ಲಿ ದೂರ ದೂರ ಮಲಗಿ, ಬೆಳಕು ಹರಿದ ಕೂಡಲೇ ಹಿಂದಿರುಗಿದರು. ನೀರು ಎರಡು ಲೋಟದಷ್ಟು ಮಾತ್ರ ಉಳಿದಿತ್ತು. ಅವಳು ಮುಂದೆ, ಅವನು ಹಿಂದೆ. ಬಹಳ ದೂರ ನಡೆದರು. ಆಮೇಲೆ ಅವಳು ನಿಂತಳು.

"ನಿನ್ನ ತಮ್ಮ ಸಿಕ್ಕನಾ?"

"ಇಲ್ಲ."

"ತಾಯಿ ಇದಾಳಾ?"

"ಇದಾಳೆ. ಅಳ್ತಿಲ್ಲ. ಕಾಯ್ತಿದಾಳೆ."

ಮತ್ತೆ ನಡೆದರು. ಸ್ವಲ್ಪ ಮುಂದೆ, ಅಲೆಯಂಚಿನಲ್ಲಿ ಕಪ್ಪಗೆ ಏನೋ ಉದ್ದಕ್ಕೆ ಬಿದ್ದಿತ್ತು. ಯಾರ್ಬಾನ ಎದೆ ಎಂದಿನಂತೆ ಹೊಡೆದುಕೊಂಡಿತು. ಅವನು ಹೆಜ್ಜೆ ಎತ್ತುವ ಮೊದಲೇ ದೆಗೆನ್ ನೆರಿಗೆ ಎತ್ತಿಕೊಂಡು ನೀರಿಗೆ ಇಳಿದಿದ್ದಳು. ಬಗ್ಗಿ ನೋಡಿ, ಕೈಯಾಡಿಸಿ ಹೇಳಿದಳು:

"ಡಾಲ್ಫಿನ್. ನಿನ್ನ ತಮ್ಮ ಅಲ್ಲ."

ಅಲ್ಲಿಂದ ಮುಂದೆ, ದಾರಿಯುದ್ದಕ್ಕೂ, ಅವನು ದಿಬ್ಬದ ಕಡೆ ನೋಡಿದರೆ ಅವಳು ಅಲೆಯ ಕಡೆ ನೋಡುತ್ತಾ ನಡೆದಳು. ಹುಡುಕುತ್ತೇನೆ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಬಾಯಿಗೆ ನೀರಿಲ್ಲದೆ ಇಬ್ಬರ ತುಟಿಯೂ ಸೀಳಿತ್ತು. ದೋಣಿ ಕಂಡಾಗ ಬಿಲಾಲ್ ಓಡಿಬಂದು ನೀರು ಕೊಟ್ಟು, ಇಬ್ಬರ ಮುಖ ನೋಡಿ, ಹಾಯಿ ಏರಿಸಲು ಹೋದ.

ಅಗ್ರೀಬದಲ್ಲಿ ದೆಗೆನ್ ಒಂದು ದಿನ ಉಳಿದಳು. ಮಬ್ರೂಕಳ ಪಕ್ಕದಲ್ಲಿ ಕೂತಳು. ಇವಳ ಮಗ ಸಾಲೆಕ್‌ನ ದೋಣಿಯಲ್ಲಿದ್ದವನು ಎಂದು ಯಾರ್ಬಾ ತಾಯಿಗೆ ಹೇಳಿದ್ದ. ಮುದುಕಿ ಅವಳ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಲಾರಿ ಹತ್ತುವಾಗ ದೆಗೆನ್ ತನ್ನ ಫೋನ್ ನಂಬರನ್ನು ಲಾರಿಯವನ ಕೈಯಲ್ಲಿ ಯಾರ್ಬಾನ ಫೋನಿಗೆ ಹಾಕಿಸಿದಳು.

"ಸಿಕ್ಕಿದ್ರೆ ಹೇಳು," ಎಂದಳು.

ಯಾರ್ಬಾ ಅವಳಿಗೆ ಮೂರ್ನಾಲ್ಕು ಸಲ ಫೋನು ಮಾಡಿದ. ಹಬ್ಬಕ್ಕೊಮ್ಮೆ ಅವಳೇ ಮಾಡಿದಳು. "ಕಲ್ಲು ಸರಿಯಾಗಿದ್ಯಾ?" ಎಂದು ಅವಳು, "ಹೋದ ವಾರ ನೋಡ್ಬಂದೆ," ಎಂದು ಇವನು. "ಸಿಕ್ಕನಾ?" ಎಂದು ಅವಳು. "ಇಲ್ಲ," ಎಂದು ಇವನು. ಇಡೀ ಲೋಕದಲ್ಲಿ ಸಾಲೆಕ್‌ನ ಹೆಣದ ಬಗ್ಗೆ ಅವನನ್ನು ಕೇಳುವವಳು ಅವಳೊಬ್ಬಳೇ ಆಗಿದ್ದಳು.

ಜೂನ್ ತಿಂಗಳಲ್ಲಿ, ಬಲೆ ಹೊಲಿಯಲು ಯಾರ್ಬಾ ದಿಬ್ಬದ ಮೇಲೆ ಗಾಳಿಗೆ ಕೂತಿದ್ದಾಗ ಫೋನು ಬಂತು. ಉದ್ದನೆಯ ನಂಬರು.

"ಅಣ್ಣಾ."

ಯಾರ್ಬಾನ ಕೈಯಿಂದ ಸೂಜಿ ಬಿತ್ತು.

"ಅಣ್ಣಾ, ನಾನು. ಬದುಕಿದೀನಿ. ಕ್ಯಾನರೀಲಿದೀನಿ. ನಾಲ್ಕನೇ ದಿನ ಎಂಜಿನ್ ಕೆಟ್ಹೋಯ್ತು... ಹನ್ನೆರಡನೇ ದಿನ ಒಂದು ಹಡಗು ಎತ್ಕೊಳ್ತು. ಒಂಬತ್ತು ಜನ ಉಳಿದಿದ್ವಿ. ದೋಣಿ ನಡೆಸಿದ್ದು ಯಾರು ಅಂತ ಪೊಲೀಸ್ನೋರು ಕೇಳಿದ್ರು. ಸತ್ತೋದ ಅಂದೆ. ನಾನೂ ಬೇರೆಯವರ ಥರಾನೇ ಬಂದೋನು ಅಂದೆ. ಬೇರೆ ಹೆಸರು ಕೊಟ್ಟಿದೀನಿ. ಅದಕ್ಕೇ ಇಷ್ಟು ದಿನ ಫೋನ್ ಮಾಡ್ಲಿಲ್ಲ. ಯಾರಿಗೂ ಹೇಳ್ಬೇಡ ಅಣ್ಣಾ."

ಯಾರ್ಬಾ ಬಿದ್ದ ಸೂಜಿಯನ್ನು ಹುಡುಕಿ ಎತ್ತಿಕೊಂಡ. ಆಮೇಲೆ ಕೇಳಿದ್ದು ಇಷ್ಟೇ:

"ಅಸ್ಸಾನ್ ಅಂತ ಒಬ್ಬ ಇದ್ದ. ಸೇಂಟ್ ಲೂಯಿಯವನು. ಎಡಗೈಯವನು."

ಆ ಕಡೆ ಗಾಳಿಯ ಸದ್ದು. "ಎಪ್ಪತ್ಮೂರು ಜನ ಅಣ್ಣ," ಎಂದ ಸಾಲೆಕ್. "ನಾನು ಯಾರ ಹೆಸರೂ ಕೇಳಿರ್ಲಿಲ್ಲ." ಎಂದವನೇ ಅಳತೊಡಗಿದ. ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆಯೇ, ಬಿಕ್ಕಿ ಬಿಕ್ಕಿ. ಅಂಥ ಹೊತ್ತಿನಲ್ಲಿ ಅವನನ್ನು ಎತ್ತಿಕೊಂಡು ದಡದುದ್ದಕ್ಕೂ ಓಡಾಡುತ್ತಿದ್ದವನು ಈಗ ಫೋನನ್ನು ಕಿವಿಯಿಂದ ದೂರ ಹಿಡಿದು ಕೂತ.

ತಾಯಿಗೆ ಹೇಳದಿರಲು ಆಗಲಿಲ್ಲ. ಒಂಬತ್ತು ತಿಂಗಳು ಅಳದೆ ಕೂತಿದ್ದ ಮಬ್ರೂಕ ಎದ್ದು ನಿಂತು, ನಾಲಗೆ ಹೊರಳಿಸಿ ಎಂಥ ಹರ್ಷದ ಕೂಗು ಹಾಕಿದಳೆಂದರೆ ದಡದಲ್ಲಿದ್ದ ಹೆಂಗಸರೆಲ್ಲ ಓಡಿಬಂದರು. ಅಂದು ಆಡು ಕಡಿದರು. ಊರಿಗೆಲ್ಲ ಅನ್ನ. ಯಾರ್ಬಾ ಎಲ್ಲರಿಗೂ ಬಡಿಸಿದ. ಬಿಲಾಲ್ ಮಾತ್ರ ಅವನ ಮುಂದೆ ತಟ್ಟೆ ಹಿಡಿದು, "ನಿಂದೆಲ್ಲಿ?" ಎಂದ.

"ಆಮೇಲೆ."

"ನಂಗೆ ಕಿವಿ ಕೇಳಲ್ಲ ಕಣಪ್ಪ, ಕಣ್ಣು ಕಾಣತ್ತೆ," ಎಂದ ಬಿಲಾಲ್. ಅವನೂ ತಟ್ಟೆ ಮುಟ್ಟದೆ ಪಕ್ಕದಲ್ಲಿ ಕೂತ.

ಮಾರನೆಯ ಬೆಳಿಗ್ಗೆ ಯಾರ್ಬಾ ದಿಬ್ಬ ಹತ್ತಿ ದೆಗೆನ್‌ಗೆ ಫೋನು ಮಾಡಿದ. ಯಾರಿಗೂ ಹೇಳಬೇಡ ಎಂದು ತಮ್ಮ ಕೇಳಿಕೊಂಡಿದ್ದ. ಸಿಕ್ಕರೆ ಹೇಳು ಎಂದು ಇವಳು ಹೇಳಿದ್ದಳು.

"ಸಿಕ್ಕ," ಎಂದ.

"ಎಲ್ಲಿ? ಯಾವ ಕಡೆ ದಡದಲ್ಲಿ?"

"ಬದುಕಿದಾನೆ ಅಕ್ಕ."

ಆ ಕಡೆ ಪೇಟೆಯ ಗದ್ದಲ ಕೇಳುತ್ತಿತ್ತು. ಯಾರೋ ಮೀನಿನ ಬುಟ್ಟಿ ಎಳೆಯುವ ಸದ್ದು, ಯಾರೋ ಹೆಂಗಸು ಕೂಗುವುದು. ಫೋನು ಕಟ್ಟಾಯಿತೇನೋ ಎಂದು ಯಾರ್ಬಾ ಎರಡು ಸಲ ನೋಡಿಕೊಂಡ.

"ನಿಮ್ಮವ್ವ ಏನ್ ಮಾಡಿದ್ಲು?"

"ಹರ್ಷದ ಕೂಗು ಹಾಕಿದ್ಲು."

"ಹ್ಞೂಂ. ನಾನೂ ಹಾಕ್ತಿದ್ದೆ." ಮತ್ತೆ ಬುಟ್ಟಿ ಎಳೆಯುವ ಸದ್ದು. "ಯಾರ್ಬಾ, ಇನ್ಮೇಲೆ ನಾವಿಬ್ರೂ ಮಾತಾಡೋದು ಬೇಡ. ನಿನ್ನ ಮೇಲೆ ಕೋಪ ಇಲ್ಲ ನಂಗೆ. ಇಷ್ಟು ದಿನ ನಿಂಗೂ ಒಂದು ಹೆಣ ಬರ್ಬೇಕಿತ್ತು. ಅದಕ್ಕೇ ನಿನ್ನ ದನಿ ಕೇಳಕ್ಕೆ ಆಗ್ತಿತ್ತು. ಈಗ ಆಗಲ್ಲ."

"ಗೋರಿ ನಾನು ನೋಡ್ಕೊಳ್ತೀನಿ."

"ನೋಡ್ಕೋತೀಯ, ಗೊತ್ತು," ಎಂದು ಅವಳು ಇಟ್ಟಳು. ಮುಂದಿನ ಹಬ್ಬಕ್ಕೆ ಅವಳ ಫೋನು ಬರಲಿಲ್ಲ. ಇವನೂ ಮಾಡಲಿಲ್ಲ.

ಹುಡುಕಲು ಯಾರೂ ಇಲ್ಲದಿದ್ದರೂ ಯಾರ್ಬಾ ದಡ ತಿರುಗುವುದನ್ನು ನಿಲ್ಲಿಸಲಿಲ್ಲ. ಹಳದಿ ದೋಣಿಯ ನಂತರ ಬೇರೆ ದೋಣಿಗಳು ಹೋದವು, ಬೇರೆ ದೇಹಗಳು ಬಂದವು. ಈಗ ದೂರದಲ್ಲಿ ಕಪ್ಪಗೆ ಏನಾದರೂ ಕಂಡರೆ ಅವನ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಭಾರವೆನ್ನಿಸುತ್ತಿತ್ತು. ಸಾಲೆಕ್‌ನ ಫೋನು ಬಂದರೆ ಎತ್ತಿ, "ಅವ್ವನ ಹತ್ರ ಮಾತಾಡು," ಎಂದು ದಿಬ್ಬದ ಮೇಲೆ ತಾಯಿಯನ್ನು ಕೂರಿಸಿ, ತಾನು ಇಳಿದು ಬರುತ್ತಿದ್ದ.

ಒಂದು ಸಲ ಸಾಲೆಕ್ ತನ್ನ ಫೋಟೋ ಕಳಿಸಿದ. ಯಾವುದೋ ಹೋಟೆಲಿನ ಅಡುಗೆಮನೆಯ ಬಾಗಿಲಲ್ಲಿ, ಬಿಳಿ ಮೇಲಂಗಿ ತೊಟ್ಟು ನಿಂತಿದ್ದ. ಮಬ್ರೂಕ ಫೋನಿನ ಗಾಜಿಗೆ ಮುತ್ತಿಟ್ಟು, ಪೊರೆ ಬಂದ ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಸೋತು ಯಾರ್ಬಾನ ಕೈಗೆ ಕೊಟ್ಟಳು.

"ನಂಗೆ ಬರೀ ಬೆಳಕು ಕಾಣತ್ತೆ. ನೀನು ನೋಡಿ ಹೇಳೋ. ಹೇಗಿದಾನೆ?"

ಯಾರ್ಬಾ ನೋಡಿದ. ಕೆನ್ನೆಯ ಮೂಳೆ ಎದ್ದಿತ್ತು. ಈ ವಯಸ್ಸಿಗೇ ಗಡ್ಡ ಪೂರ್ತಿ ನೆರೆತಿತ್ತು. ಕಣ್ಣು ಫೋಟೋ ತೆಗೆದವನನ್ನು ನೋಡದೆ ಪಕ್ಕದಲ್ಲೆಲ್ಲೋ ನೋಡುತ್ತಿತ್ತು. ಎಷ್ಟು ಸೊರಗಿದ್ದಾನೆ ಎಂದು ಮರುಗಿದ. ಮರುಗಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ಹೇಳೋ."

"ಚೆನ್ನಾಗಿದಾನೆ ಅವ್ವ," ಎಂದ. "ದಪ್ಪ ಆಗಿದಾನೆ."